ಹಳೆಯ ಮೋಟಾರೂ ಮನೆಯ ಪಾಠವೂ

ಮುಂಬಯಿಯ ಕುರ್ಲಾದಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿ ಮೋಟಾರು ದಶಕಗಳ ಕಾಲ ಈ ನಗರದ ಟ್ಯಾಕ್ಸಿಯಾಗಿ ದುಡಿಯಿತು. 20 ವರ್ಷಗಳ ವಯೋಮಿತಿಯಿಂದಾಗಿ 2023ರ ಅಕ್ಟೋಬರಿನಲ್ಲಿ ಆ ದುಡಿಮೆ ಮುಗಿಯಿತು. ಆದರೂ ಕೆಲವು ಮನೆಗಳ ಅಂಗಳದಲ್ಲಿ ಹಿರಿಯರೂ ಮಕ್ಕಳೂ ಕೂಡಿ ಇಂಥ ಗಾಡಿಗೆ ಮರುಜೀವ ಕೊಡುತ್ತಿರುವರು. ಇದು ದುಂದುವೆಚ್ಚವೆನ್ನುವವರುಂಟು, ನಾವು ಹಾಗೆನ್ನಲಾರೆವು.

ಇದರ 1089 ಸಿ.ಸಿ. ಎಂಜಿನ್ನಿನಲ್ಲಿ ಕಣ್ಣಿಗೆ ಮರೆಯಾದುದು ಕಡಿಮೆ. ಕಾರ್ಬ್ಯುರೇಟರು ಗಾಳಿಗೆ ಪೆಟ್ರೋಲು ಬೆರೆಸುವ ಬಗೆಯನ್ನೂ, ಡಿಸ್ಟ್ರಿಬ್ಯೂಟರು ನಾಲ್ಕು ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ತು ಹಂಚುವ ಬಗೆಯನ್ನೂ ಮಕ್ಕಳು ಬಿಚ್ಚಿ ನೋಡಿ ಅರಿಯಬಹುದು. ಅವರು ತುಕ್ಕು ಕೆರೆಯಲಿ. ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಕನ್ನಡದಲ್ಲಿ ಹೆಸರು ಬರೆದ ಚೀಟಿ ಕಟ್ಟಲಿ. ಬ್ರೇಕು, ಬೆಸುಗೆ, ಪೆಟ್ರೋಲು ಟ್ಯಾಂಕುಗಳ ಕೆಲಸ ಮಾತ್ರ ಬಲ್ಲ ಮಿಸ್ತ್ರಿಗೆ ಸೇರಿದ್ದು. ಬರಿಯ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಕೂಡದು.

ಹೊಳಪಿನ ಆಸೆಗೆ ಹಳೆಯದೆಲ್ಲವನ್ನೂ ಕಿತ್ತೆಸೆಯುವುದು ಜೀರ್ಣೋದ್ಧಾರವಲ್ಲ. ಸ್ಟೀರಿಂಗಿನ ಪಕ್ಕದ ಗೇರುಹಿಡಿಯನ್ನು ಬದಲಿಸಿ, ಹೊಸ ಮಾದರಿಯ ಎಂಜಿನ್ ಕೂರಿಸಿದರೆ ಉಳಿಯುವುದು ಹೆಸರು ಮಾತ್ರ. 2021ರ ಕೇಂದ್ರ ನಿಯಮವೂ 50 ವರ್ಷ ಮೀರಿದ, ಮೂಲರೂಪ ಕೆಡದ ಗಾಡಿಯನ್ನೇ ವಿಂಟೇಜ್ ಎಂದು ಮನ್ನಿಸುತ್ತದೆ.

ಕೆಟ್ಟುದನ್ನು ಎಸೆದು ಹೊಸದನ್ನು ಕೊಳ್ಳುವುದನ್ನಷ್ಟೇ ಕಂಡು ಬೆಳೆದ ಮಗುವಿಗೆ ವಸ್ತುವಿನ ಹಿಂದಿನ ದುಡಿಮೆ ತಿಳಿಯದು. ಮೋಟಾರು ಎಲ್ಲರಿಗೂ ಎಟುಕುವುದಲ್ಲವೆಂಬುದನ್ನು ನಾವು ಬಲ್ಲೆವು. ಮನೆಯಲ್ಲಿ ಹಳೆಯ ಸೈಕಲ್ಲೋ ಹೊಲಿಗೆಯಂತ್ರವೋ ಇದ್ದರೂ ಸಾಕು. ಪಾಲಕರು ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಅದನ್ನು ಬಿಚ್ಚಲಿ, ಕೂಡಿಸಲಿ.