ಚಿಲಕದ ಮಾತು

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಕಟ್ಟಿದವರು ಅರವತ್ತು ದಾಟಿದವರಾಗಿರಲಾರರು. ದಾಟಿದವರನ್ನು ಕೇಳಿ ಮಾತನಾಡುವ ಪದ್ಧತಿ ನಮ್ಮಲ್ಲಿ ಇಂದಿಗೂ ಬಂದಿಲ್ಲ.

ರಾಮಾಪುರದ ನನ್ನ ಸೋದರತ್ತೆಗೆ ಮರೆವಿನ ರೋಗ. ವೈದ್ಯರು ಡಿಮೆನ್ಷಿಯ ಎನ್ನುತ್ತಾರೆ. ಪಟ್ಟಣದ ಆಸ್ಪತ್ರೆಯೊಂದರಲ್ಲಿ ಅವರ ಮೇಲೆ ಸಂಶೋಧನೆಯೂ ನಡೆಯಿತು. ಸಹಿ ಹಾಕಿದವನು ಮಗ, ವಿವರ ಹೇಳಿದವಳು ಸೊಸೆ, ರಕ್ತ ಕೊಟ್ಟವರು ಅತ್ತೆ. 'ನಾವೀಗ ಎಷ್ಟನೆಯ ಮಹಡಿಯಲ್ಲಿದ್ದೇವೆ?' ಎಂದು ಅಲ್ಲಿನ ತರುಣನೊಬ್ಬ ಕೇಳಿದ. ಬಾಳೆಲ್ಲ ಹೆಂಚಿನ ಮನೆಯಲ್ಲಿ ಕಳೆದ ಅತ್ತೆ, 'ಮಹಡಿ ಲೆಕ್ಕ ನನಗ್ಯಾಕಪ್ಪ? ಬೈಗಾದ್ರೆ ಕದಕ್ಕೆ ಚಿಲಕ ಜಡೀತಾರಲ್ಲ, ಅದ ಬರಕೊ' ಎಂದರು. ಮಹಡಿಯ ಮುಂದೆ ಸೊನ್ನೆ ಬಿತ್ತು. ಚಿಲಕದ ಮಾತಿಗೆ ಕಾಗದದಲ್ಲಿ ಜಾಗವಿರಲಿಲ್ಲ.

ನಾನು ವಿಜ್ಞಾನದ ವಿರೋಧಿಯಲ್ಲ. ಅರವತ್ತು ದಾಟಿದ ಭಾರತೀಯರಲ್ಲಿ ಶೇಕಡಾ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನಕ್ಕೆ, ಈ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಆರಂಭಿಸಿದ ಅಧ್ಯಯನ, 45 ದಾಟಿದ, ರೋಗವಿಲ್ಲದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿಯುಳ್ಳದ್ದು. ಇಂಥ ಕೆಲಸ ಬೇಕೇ ಬೇಕು. ಆದರೆ ರೋಗ ಬಂದವರ ವಿಷಯಕ್ಕೆ ಬಂದಾಗ, ಏನನ್ನು ಹುಡುಕಬೇಕೆಂದು ಹೇಳುವ ಅಧಿಕಾರವೂ ಅವರಿಗೆ ಇರಬೇಡವೇ?

'ಮರೆಯುವವರನ್ನು ಏನು ಕೇಳುವುದು ಸ್ವಾಮಿ?' ಎಂದು ವಿದ್ಯಾವಂತರು ನಗಬಹುದು. ನಿನ್ನೆ ಒಪ್ಪಿದ್ದು ಮರೆತಿದ್ದರೆ ಇಂದು ಮತ್ತೆ ಕೇಳಬೇಕು; ಒಲ್ಲೆನೆಂದರೆ ನಿಲ್ಲಿಸಬೇಕು. ರೋಗದ ಮೊದಲ ದಿನಗಳಲ್ಲೇ ಜೊತೆಗೆ ಕೂಡಿಸಿಕೊಂಡರೆ ಅವರು ಹೇಳುವುದು ಬಹಳವಿರುತ್ತದೆ. ತಾರೀಖು ಮರೆತವರಿಗೂ ಭಯ ಯಾವುದು, ಹಿತ ಯಾವುದು ಎಂಬುದು ತಿಳಿಯುತ್ತದೆ.

ಇದು ನನ್ನ ಕನಸಲ್ಲ. ಸ್ಕಾಟ್ಲೆಂಡಿನಲ್ಲಿ ಈ ರೋಗವುಳ್ಳವರೇ 2002ರಲ್ಲಿ ತಮ್ಮದೊಂದು ಮಂಡಲಿ ಕಟ್ಟಿಕೊಂಡರು. 2012ರಲ್ಲಿ ಯೂರೋಪಿಗೆಲ್ಲ ಅಂಥದೊಂದು ಮಂಡಲಿಯಾಯಿತು. ಸಂಶೋಧಕರು ತಮ್ಮ ಯೋಜನೆಗಳನ್ನು ಅದರ ಮುಂದಿಟ್ಟು ಸಲಹೆ ಪಡೆಯುತ್ತಾರೆ. ನಮ್ಮಲ್ಲಿಯೂ ಓದುಬರಹವಿಲ್ಲದ ಹಿರಿಯರಿಗೆ ಪರದೇಶದ ಪ್ರಶ್ನೆಗಳು ಹೊಂದುವುದಿಲ್ಲವೆಂದು ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲೇ ಪ್ರಶ್ನೆಗಳನ್ನು ತಿದ್ದಿದರು. ಪ್ರಶ್ನೆಯನ್ನು ತಿದ್ದಬಹುದಾದರೆ, ತಿದ್ದುವಾಗ ಅತ್ತೆಯಂಥವರನ್ನೂ ಪಕ್ಕದಲ್ಲಿ ಕೂಡಿಸಿಕೊಳ್ಳಬಹುದು.

ಅತ್ತೆ ಹೇಳಿದ್ದನ್ನು ಕೊನೆಗೆ ನಾವೇ ಕೇಳಿದೆವು. ಸಂಜೆ ಚಿಲಕ ತೆಗೆದು, ಒಬ್ಬರು ಜೊತೆಗಿದ್ದು, ಜಗಲಿಯಲ್ಲಿ ಕೂಡಿಸುತ್ತೇವೆ. ಅವರ ಕೂಗಾಟ ಎಷ್ಟೋ ತಗ್ಗಿದೆ. ಯಾವ ವರದಿಯಲ್ಲೂ ಇದು ಬರೆದಿಲ್ಲ, ಬರೆಯಬೇಕಾದವರು ಕೇಳಿರಲಿಲ್ಲ.