ಬಿಟ್ಟಿಯ ನೋಟ

ಬಿಟ್ಟಿ ಎಂಬ ಮಾತಿಗೆ ನಮ್ಮಲ್ಲಿ ಗೌರವ ಕಡಮೆ. ಹಣ ತೆರದೆ ದೊರೆತುದರಲ್ಲಿ ಹುರುಳಿಲ್ಲವೆಂದು ಭಾವಿಸುವುದು ಲೋಕರೂಢಿ. ಬೆಂಗಳೂರಿನ ಮಾಣಿಕ್ಯವೇಲು ಭವನದಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಸಾಕ್ಷ್ಯಚಿತ್ರಗಳನ್ನು ಉಚಿತವಾಗಿ ತೋರಿಸುವುದುಂಟು. ಕಲಾವಿದನ ಕೈ ದುಡಿಯುವುದನ್ನು ತೆರೆಯ ಮೇಲೆ ಕಂಡವನು, ಎದ್ದುಬಂದು ಅಂಥ ಕೈಗಳೇ ಬರೆದ ಚಿತ್ರದೆದುರು ನಿಲ್ಲಬಹುದು. ಈ ಭಾಗ್ಯ ಚಿತ್ರಮಂದಿರದಲ್ಲಿಲ್ಲ.

ಆದರೆ ಮಡಿಕೇರಿಯ ವಿದ್ಯಾರ್ಥಿಗೆ ಆ ಉಚಿತ ಪ್ರದರ್ಶನ ಉಚಿತವಲ್ಲ. ಬಸ್ಸಿನ ಖರ್ಚುಂಟು, ರಾತ್ರಿಯ ವಸತಿಯ ಚಿಂತೆಯುಂಟು. ತರಗತಿಯಲ್ಲಿ ಒಮ್ಮೆ ಇಂಥ ಪ್ರದರ್ಶನದ ಸುದ್ದಿ ಹೇಳಿದಾಗ, “ಅದು ನಮಗಲ್ಲ ಬಿಡಿ, ಸರ್” ಎಂದಳು ಒಬ್ಬ ಹುಡುಗಿ. ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಹೊಳೆದುದು ಇದು: ನಮ್ಮ ಕೋಟೆಯೊಳಗಿನ ಹಳೆಯ ಇಗರ್ಜಿಯೇ ಇಂದು ಸರಕಾರಿ ವಸ್ತುಸಂಗ್ರಹಾಲಯ. ಅಲ್ಲಿ ವೀರಗಲ್ಲುಗಳಿವೆ, ಶಿಲ್ಪಗಳಿವೆ, ಆಯುಧಗಳಿವೆ. ಮಕ್ಕಳು ಐದು ನಿಮಿಷದಲ್ಲಿ ಸುತ್ತಿ ಹೊರಬರುತ್ತಾರೆ. ತಪ್ಪು ಅವರದಲ್ಲ, ಗಾಜಿನ ಹಿಂದಿನ ಕತ್ತಿ ಮೂಕ. ಕೈಲ್‌ಪೊಳ್ದಿನಂದು ಆಯುಧಗಳಿಗೆ ತೋಕ್‌ಪೂ ಮುಡಿಸುವ ಮನೆಯನ್ನು, ದುಡಿ ಬಾರಿಸುತ್ತ ಹಾಡುವ ಹಿರಿಯರನ್ನು ಅಲ್ಲಿಯೇ ತೆರೆಯ ಮೇಲೆ ತೋರಿಸಿದರೆ ಆ ಕತ್ತಿಗೆ ಮಾತು ಬಂದೀತು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಅಚ್ಚುಹಾಕಿಸಿದುದರಿಂದ ಹಾಡಿನ ಪದಗಳು ಉಳಿದುವು. ಹಾಡುವವರ ದನಿ, ಮುಖ, ಕೈಯ ಚಲನೆ ಅಕ್ಷರಕ್ಕೆ ಸಿಕ್ಕುವಂಥವಲ್ಲ. ಅವು ಚಿತ್ರದಲ್ಲಿ ಉಳಿಯಬೇಕು. ಆ ಹಿರಿಯರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ.

ಸಿನಿಮಾದ ಹುಚ್ಚು ಸಾಲದೆಂದು ಇಲ್ಲಿಗೂ ಅದು ಬೇಕೆ ಎನ್ನುವವರು ಇರಬಹುದು. ಹುಚ್ಚು ಹಿಡಿಸುವುದಕ್ಕಲ್ಲ, ಕಣ್ಣು ತೆರೆಸುವುದಕ್ಕೆ. ತಿಂಗಳಿಗೊಂದು ಭಾನುವಾರದ ಸಂಜೆ, ಬಿಳಿಯ ಗೋಡೆ, ಮೂವತ್ತು ಕುರ್ಚಿ, ನೋಡಿದ ಮೇಲೆ ನಾಲ್ಕು ಮಾತಾಡಲು ಒಬ್ಬ ಅಧ್ಯಾಪಕ: ಇಷ್ಟು ಸಾಕು.

ಸತ್ಯಜಿತ್ ರಾಯ್ 1972ರಲ್ಲಿ ತೆಗೆದ ‘ದಿ ಇನ್ನರ್ ಐ’ ಎಂಬ ಕಿರುಚಿತ್ರದಿಂದಲೇ ಆರಂಭಿಸಬಹುದು. ಅದು ಶಾಂತಿನಿಕೇತನದಲ್ಲಿ ಅವರ ಗುರುಗಳಾಗಿದ್ದ ಬಿನೋದ್ ಬಿಹಾರಿ ಮುಖರ್ಜಿಯವರ ಕಥೆ. ಐವತ್ತು ದಾಟಿದ ಮೇಲೆ ದೃಷ್ಟಿಯನ್ನು ಕಳೆದುಕೊಂಡ ಆ ಚಿತ್ರಕಾರರು ಬೆರಳುಗಳ ಅರಿವನ್ನೇ ನಂಬಿ ಕೆಲಸ ಮುಂದುವರಿಸಿದರು. ಕಣ್ಣಿಲ್ಲದವರು ಅಷ್ಟನ್ನು ಕಂಡರೆಂದ ಮೇಲೆ, ಕಣ್ಣುಳ್ಳ ನಾವು ಕೋಟೆಯೊಳಗಿನ ನಮ್ಮ ಆಸ್ತಿಯನ್ನು ಐದು ನಿಮಿಷದಲ್ಲಿ ನೋಡಿ ಮುಗಿಸುವುದು ಸರಿಯೆ?