ಸೊಪ್ಪು ತೋರಿಸಿದವರ ಪಾಲೆಲ್ಲಿ?

ನಿತ್ಯಪುಷ್ಪ ಗೊತ್ತಲ್ಲ? ಹಟ್ಟಿ ಮುಂದೆ, ಸ್ಮಶಾನದ ಮಗ್ಗುಲಲ್ಲಿ, ಯಾರೂ ನೀರು ಹಾಕದಿದ್ದರೂ ಹೂ ಬಿಡುವ ಗಿಡ. ಇದರ ತವರು ಮಡಗಾಸ್ಕರ್. ಜಮೈಕಾದ ಜನ ಇದರ ಎಲೆ ಕುದಿಸಿ ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1952ರಲ್ಲಿ ಆ ಎಲೆ ಕೆನಡಾ ಮುಟ್ಟಿತು. ರಾಬರ್ಟ್ ನೋಬಲ್, ಚಾರ್ಲ್ಸ್ ಬಿಯರ್ ಎಂಬ ವಿಜ್ಞಾನಿಗಳು ಅದರ ಸಾರವನ್ನು ಇಲಿಗಳಿಗೆ ಕೊಟ್ಟು ನೋಡಿದರು. ಸಕ್ಕರೆ ಇಳಿಯಲಿಲ್ಲ, ರಕ್ತದ ಬಿಳಿಕಣ ಇಳಿದವು. 1958ರಲ್ಲಿ ವಿನ್‌ಬ್ಲಾಸ್ಟಿನ್ ಸಿಕ್ಕಿತು. ಬೆನ್ನಿಗೇ ಅಮೆರಿಕದ ಎಲಿ ಲಿಲ್ಲಿ ಕಂಪನಿ ವಿನ್‌ಕ್ರಿಸ್ಟಿನ್ ತೆಗೆಯಿತು. ರಕ್ತಕ್ಯಾನ್ಸರಿನ ಮಕ್ಕಳಿಗೆ ಇವತ್ತಿಗೂ ಅದೇ ಮದ್ದು.

ವಿಜ್ಞಾನದ ಮೇಲೆ ನಮ್ಮ ತಕರಾರಿಲ್ಲ. ಈ ಎಲೆ ವಿಷ. ಕಷಾಯ ಕುಡಿದರೆ ಕ್ಯಾನ್ಸರ್ ಹೋಗುತ್ತೆ ಅನ್ನೋನು ಮೋಸಗಾರ. ಸಾರವನ್ನು ಬೇರ್ಪಡಿಸಿ ಅಳೆದು ಕೊಡೋಕೆ ಪ್ರಯೋಗಾಲಯವೇ ಬೇಕು. ನಮ್ಮ ಪ್ರಶ್ನೆ ಒಂದೇ: ವಿಜ್ಞಾನಿಗೆ ಹೆಸರು ಬಂತು, ಕಂಪನಿಗೆ ದುಡ್ಡು ಬಂತು. ಗಿಡದ ತವರಿಗೆ, ಎಲೆ ತೋರಿಸಿದವರಿಗೆ ಏನು ಬಂತು?

ಇಂಥ ಅನ್ಯಾಯ ನಮ್ಮಲ್ಲಿ ಆಗಬಾರದು ಅಂತಲೇ 2002ರಲ್ಲಿ ಜೀವವೈವಿಧ್ಯ ಕಾಯ್ದೆ ಬಂತು. ಗಿಡದಿಂದ, ಗಿಡದ ತಿಳಿವಿನಿಂದ ಲಾಭ ಮಾಡಿದವರು ಜನಕ್ಕೆ ಪಾಲು ಕೊಡಬೇಕು ಎಂದಿತು. ದೇಶಿ ಕಂಪನಿಗಳೂ ಕೊಡಬೇಕು ಎಂದು 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ತೀರ್ಪು ಕೊಟ್ಟಿತು. ಕಂಪನಿಗಳ ಹೊಟ್ಟೆ ಉರಿಯಿತು. 2023ರಲ್ಲಿ ಪಾರ್ಲಿಮೆಂಟು ಕಾಯ್ದೆಯನ್ನೇ ತಿದ್ದಿತು: ಸರ್ಕಾರದ ಪಟ್ಟಿಯಲ್ಲಿರುವ ವೈದ್ಯಗ್ರಂಥಗಳ ತಿಳಿವು ಬಳಸುವ ದೇಶಿ ಕಂಪನಿಗೆ ವಿನಾಯಿತಿ!

ಆ ಪಟ್ಟಿಯಲ್ಲಿ ಚರಕ ಸಂಹಿತೆಯೂ ಇದೆ. ಅದು ಏನು ಹೇಳುತ್ತೆ? ಮೂಲಿಕೆಗಳ ಹೆಸರು, ರೂಪ ಬಲ್ಲವರು ಆಡು ಕುರಿ ಕಾಯೋರು, ದನ ಕಾಯೋರು, ಕಾಡಿನ ಜನ ಅಂತ. ಸಾಲ ಒಪ್ಪಿಕೊಂಡ ಪುಸ್ತಕವನ್ನೇ ತೋರಿಸಿ ಸಾಲ ಇಲ್ಲ ಅಂತಾರಲ್ಲ, ಇವರಿಗೆ ಏನನ್ನೋಣ? ನಮ್ಮವರಿಗೆ ಅಕ್ಷರ ಕೊಡದೆ, ನಮ್ಮವರ ತಿಳಿವನ್ನು ಅಕ್ಷರಕ್ಕಿಳಿಸಿಕೊಂಡರು. ಈಗ ಬರೆದದ್ದಕ್ಕೆಲ್ಲ ಪಾಲಿಲ್ಲವಂತೆ.

ಗ್ರಂಥಕ್ಕೆ ಏರದ ತಿಳಿವು ಇನ್ನೂ ಕಾಯ್ದೆಯೊಳಗಿದೆ. ಅದು ಸೂಲಗಿತ್ತಿಯರ, ಕುರಿಗಾಹಿಗಳ, ಸೋಲಿಗರ ಬಾಯಲ್ಲಿದೆ. ಪಂಚಾಯ್ತಿಗೊಂದು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಮೇಷ್ಟ್ರೇ, ಹೋಗಿ ಅದನ್ನು ತೆಗೆಸಿ ನೋಡಿ. ಕೇರಿಯವರ, ಹಾಡಿಯವರ ಮಾತು ಅದರಲ್ಲಿದೆಯೇ? ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಪಾಲು ಭಿಕ್ಷೆಯಲ್ಲ, ಬಾಕಿ.